ಕೇಳಿಸಿಕೊಳ್ಳುವವನ ನಾಟಕ: ಮೋಲಿಯೇರನ ‘ಎಕೋಲ್ ದೆ ಫಾಮ್’ ಕೃತಿಯನ್ನು ಕನ್ನಡದಲ್ಲಿ ಓದಿ ಆಡುವ ಬಗೆ

ಹದಿನೇಳನೆಯ ಶತಮಾನದ ಫ್ರೆಂಚ್ ನಾಟಕಕಾರ ಮೋಲಿಯೇರನ ಒಂದು ನಾಟಕವನ್ನು ಕೈಗೆತ್ತಿಕೊಳ್ಳಬೇಕೆಂದಿದ್ದೇವೆ, ಯಾವುದಾದೀತು ಎಂದು ಹವ್ಯಾಸಿ ತಂಡದವರು ಕೇಳಿದಾಗಲೆಲ್ಲ ನಾನು ಹೇಳುವುದು ‘ಎಕೋಲ್ ದೆ ಫಾಮ್’ ಎಂಬ ಐದು ಅಂಕಗಳ ಪದ್ಯನಾಟಕದ ಹೆಸರನ್ನು. 1662ರ ಡಿಸೆಂಬರ್ 26ರಂದು ಪ್ಯಾರಿಸ್ಸಿನ ಪಾಲೆ ರೊಯಾಲ್ ರಂಗಮಂದಿರದಲ್ಲಿ ಅದು ಮೊದಲ ಬಾರಿಗೆ ರಂಗವೇರಿತು. ಮುಖ್ಯ ಪಾತ್ರವನ್ನು ಮೋಲಿಯೇರನೇ ವಹಿಸಿದ್ದ. ರಂಗಸಜ್ಜಿಕೆ ಒಂದೇ ಸಾಕು, ಪಾತ್ರಗಳು ಕಡಿಮೆ, ಕಥೆ ಒಂದು ಹಗಲು ಒಂದು ರಾತ್ರಿಯೊಳಗೆ ಮುಗಿಯುತ್ತದೆ. ಆದ್ದರಿಂದ ಸಣ್ಣ ತಂಡಕ್ಕೂ ಇದು ಕೈಗೆಟಕುವ ಕೃತಿ. ಆದರೂ ಇದನ್ನು ಆಡಿದವರಲ್ಲಿ ಹಲವರು ಒಂದೇ ಕಡೆ ಎಡವುವುದನ್ನು ಕಂಡಿದ್ದೇನೆ. ಮಾತನಾಡುವವನ ಮೇಲೆ ಬೆಳಕು ಚೆಲ್ಲಿ, ಕೇಳಿಸಿಕೊಳ್ಳುವವನನ್ನು ಕತ್ತಲಲ್ಲಿ ಬಿಡುತ್ತಾರೆ. ಈ ನಾಟಕದ ನಗೆಯೂ ಸಂಕಟವೂ ಹುಟ್ಟುವುದು ಕೇಳಿಸಿಕೊಳ್ಳುವವನ ಮುಖದಲ್ಲಿ. ಓದುವಾಗಲೂ ತಾಲೀಮಿನಲ್ಲೂ ಅದನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬುದನ್ನು ಹೇಳಲು ಈ ಬರಹ.

ಮೊದಲು ಕಥೆಯ ಕೀಲು ಎಲ್ಲಿದೆ ಎಂಬುದು ತಂಡದ ಪ್ರತಿಯೊಬ್ಬರಿಗೂ ಖಚಿತವಾಗಬೇಕು. ಆರ್ನಾಲ್ಫ್ ನಲವತ್ತೆರಡು ವರ್ಷದ ಸ್ಥಿತಿವಂತ. ಹೆಂಡತಿಯಿಂದ ಮೋಸಹೋದ ಗಂಡಂದಿರನ್ನು ಊರೆಲ್ಲ ಹಾಸ್ಯ ಮಾಡಿಕೊಂಡು ತಿರುಗಿದವನು. ತನಗೆ ಆ ಗತಿ ಬಾರದಿರಲೆಂದು ಆನ್ಯೆಸ್ ಎಂಬ ಹುಡುಗಿಯನ್ನು ನಾಲ್ಕನೆಯ ವಯಸ್ಸಿನಲ್ಲೇ ಒಬ್ಬ ಬಡ ರೈತ ಹೆಂಗಸಿನಿಂದ ಪಡೆದು, ಸಣ್ಣದೊಂದು ಕಾನ್ವೆಂಟಿನಲ್ಲಿ ಸಾಧ್ಯವಾದಷ್ಟು ಅಜ್ಞಾನದಲ್ಲಿ ಬೆಳೆಸಿದ್ದಾನೆ. ಈಗ ಅವಳನ್ನು ಮದುವೆಯಾಗುವ ಸಿದ್ಧತೆಯಲ್ಲಿದ್ದು, ಯಾರೂ ತನ್ನನ್ನು ಹುಡುಕಿಕೊಂಡು ಬಾರದ ತನ್ನ ಇನ್ನೊಂದು ಮನೆಯಲ್ಲಿ ಅವಳನ್ನು ಇರಿಸಿದ್ದಾನೆ. ಇದರ ಜೊತೆಗೆ ಅವನಿಗೆ ದೊಡ್ಡಸ್ತಿಕೆಯ ಹೊಸ ಹೆಸರಿನ ಹುಚ್ಚು ಹಿಡಿದಿದೆ: ‘ಮಸ್ಯೂ ದ ಲಾ ಸೂಶ್’ ಎಂದು ಕರೆಯಿಸಿಕೊಳ್ಳುತ್ತಾನೆ. ಅವನ ಹಳೆಯ ಗೆಳೆಯನ ಮಗ ಒರಾಸ್‌ಗೆ ಈ ಎರಡನೆಯ ಹೆಸರು ಯಾರದೆಂದು ತಿಳಿಯದು. ಆನ್ಯೆಸ್‌ಳನ್ನು ಪ್ರೀತಿಸಿದ ಒರಾಸ್, ಅವಳನ್ನು ಬಂಧಿಸಿಟ್ಟಿರುವ ‘ಲಾ ಸೂಶ್ ಎಂಬ ಮೂರ್ಖ’ನ ಬಗ್ಗೆ, ತನ್ನ ಮುಂದಿನ ಹೆಜ್ಜೆಗಳ ಬಗ್ಗೆ, ಎಲ್ಲವನ್ನೂ ಆರ್ನಾಲ್ಫ್‌ನ ಬಳಿಯೇ ಬಂದು ಹೇಳಿಕೊಳ್ಳುತ್ತಾನೆ. ತಾಲೀಮಿನ ಮೊದಲ ದಿನ ಒಂದು ದೊಡ್ಡ ಹಾಳೆಯ ಮೇಲೆ, ಯಾವ ಅಂಕದಲ್ಲಿ ಯಾರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ಬರೆದು ಗೋಡೆಗೆ ಅಂಟಿಸಿ. ಎಲ್ಲವನ್ನೂ ಬಲ್ಲವನು ಆರ್ನಾಲ್ಫ್ ಒಬ್ಬನೇ ಎಂಬುದು ಆಗ ಕಣ್ಣಿಗೆ ರಾಚುತ್ತದೆ.

ಶೀರ್ಷಿಕೆಯನ್ನು ಕನ್ನಡಿಸುವ ಆತುರ ಬೇಡ. ಫ್ರೆಂಚಿನ ‘ಫಾಮ್’ ಎಂಬ ಪದಕ್ಕೆ ಹೆಂಗಸು, ಹೆಂಡತಿ ಎರಡೂ ಅರ್ಥವಿದೆ. ಕನ್ನಡದಲ್ಲಿ ‘ಹೆಂಡತಿಯರ ಪಾಠಶಾಲೆ’ ಎಂದರೆ ಒಂದು ಅರ್ಥ ಕೈಬಿಡುತ್ತದೆ, ‘ಹೆಂಗಸರ ಪಾಠಶಾಲೆ’ ಎಂದರೆ ಇನ್ನೊಂದು. ‘ಹೆಣ್ಣಿಗೆ ಪಾಠ’ ಎಂಬುದು ನನಗೆ ಹೆಚ್ಚು ಹತ್ತಿರವೆನಿಸಿದೆ; ಮದುವೆಯ ಹೆಣ್ಣು ಎನ್ನುವಾಗ ಬರುವ ‘ಹೆಣ್ಣು’ ಅದರಲ್ಲಿ ಉಳಿದುಕೊಳ್ಳುತ್ತದೆ.

ಕಥೆಯನ್ನು ಕರ್ನಾಟಕದ ಯಾವುದೋ ಅಗ್ರಹಾರಕ್ಕೋ ಪಟ್ಟಣಕ್ಕೋ ಎತ್ತಿ ತರಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾನ್ವೆಂಟು, ಮದುವೆಯ ಕರಾರು ಬರೆಯಲು ಬರುವ ನೋಟರಿ, ಹೆಸರಿನ ಹಿಂದೆ ‘ದ’ ಅಂಟಿಸಿಕೊಂಡು ಕುಲೀನನಾಗುವ ಆಸೆ, ಕೆಟ್ಟ ಹೆಂಡತಿಯರನ್ನು ಮುಳುಗಿಸುವ ನರಕದ ಕುದಿಯುವ ಹಂಡೆಗಳು, ಇವೆಲ್ಲ ಹದಿನೇಳನೆಯ ಶತಮಾನದ ಫ್ರಾನ್ಸಿನ ಒಂದೇ ಹೆಣಿಗೆಯ ಎಳೆಗಳು. ಒಂದನ್ನು ಎಳೆದರೆ ಉಳಿದವೂ ಬಿಚ್ಚಿಕೊಳ್ಳುತ್ತವೆ. ಹೆಸರುಗಳು ಫ್ರೆಂಚಿನಲ್ಲೇ ಇರಲಿ, ಊರು ಅಲ್ಲಿಯದೇ ಇರಲಿ. ಮಾತು ಮಾತ್ರ ನಮ್ಮ ಮನೆಯ ಮಾತಿನಷ್ಟು ಸಲೀಸಾಗಿರಲಿ.

ಇನ್ನು ಓದು. ಮೊದಲ ಓದನ್ನು ಎರಡು ಸಂಜೆಗಳಿಗೆ ಹಂಚಿಕೊಳ್ಳಿ: ಮೊದಲ ಸಂಜೆ ಮೂರು ಅಂಕ, ಎರಡನೆಯ ಸಂಜೆ ಉಳಿದೆರಡು. ಮೂರನೆಯ ಅಂಕದ ಕೊನೆಗೆ ಆರ್ನಾಲ್ಫ್ ತನ್ನ ಕೋಪದ ಅಡಿಯಲ್ಲಿ ಪ್ರೀತಿಯೂ ಇದೆ ಎಂಬುದನ್ನು ಮೊದಲ ಬಾರಿಗೆ ತನಗೆ ತಾನೇ ಒಪ್ಪಿಕೊಳ್ಳುತ್ತಾನಾದ್ದರಿಂದ, ಅಲ್ಲಿ ನಿಲ್ಲಿಸಿದರೆ ಎಲ್ಲರೂ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಓದುವಾಗ ಒಬ್ಬರನ್ನು ಬರೇ ನೋಡಲು ಕೂರಿಸಿ. ಅವರು ಪುಸ್ತಕ ಹಿಡಿಯಬಾರದು. ಆರ್ನಾಲ್ಫ್ ಓದುವವರು ಸುಮ್ಮನಿರುವ ಹೊತ್ತಿನಲ್ಲಿ ಅವರ ಮುಖದಲ್ಲಿ ಏನಾಗುತ್ತಿದೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಬೇಕು.

ಆರ್ನಾಲ್ಫ್ ಪಾತ್ರಕ್ಕೆ ಮುದುಕನನ್ನು ಆರಿಸಬೇಡಿ, ನಡ ಬಗ್ಗಿಸಿ ಕೆಮ್ಮಿಸಬೇಡಿ. ನಲವತ್ತೆರಡು ಆ ಕಾಲಕ್ಕೆ ಯೌವನವಲ್ಲವಾದರೂ ಮುಪ್ಪೂ ಅಲ್ಲ. ಅವನು ಬುದ್ಧಿವಂತ, ಉದಾರಿ, ಮಾತಿನಲ್ಲಿ ಚುರುಕು; ಒರಾಸ್ ಕೇಳಿದ ತಕ್ಷಣ ನೂರು ಪಿಸ್ತೋಲ್ ನಾಣ್ಯಗಳನ್ನು ಕೊಡುವವನು, ಆ ಹಣ ತನ್ನದೇ ಮನೆಯ ಬಾಗಿಲು ತೆರೆಸಲು ಬಳಕೆಯಾಗಲಿದೆ ಎಂದು ತಿಳಿಯದೆ. ಇಂಥವನು ಮೂರ್ಖನಾಗಿದ್ದರೆ ನಾಟಕವೇ ಇರುತ್ತಿರಲಿಲ್ಲ. ಮೋಲಿಯೇರ್ ಇದೇ ವರ್ಷ, 1662ರ ಫೆಬ್ರವರಿಯಲ್ಲಿ, ತನಗಿಂತ ಬಹಳ ಚಿಕ್ಕವಳಾದ ಆರ್ಮಾಂದ್ ಬೆಜಾರ್‌ಳನ್ನು ಮದುವೆಯಾಗಿದ್ದ. ಅವನಿಗೆ ಆಗ ನಲವತ್ತು. ಈ ಸಂಗತಿಯನ್ನು ಹಿಡಿದು ನಾಟಕವನ್ನು ಲೇಖಕನ ಸಂಸಾರದ ಕಥೆಯೆಂದು ಓದುವ ಚಾಳಿ ಹಳೆಯದು. ತಾಲೀಮಿಗೆ ಅದರಿಂದ ಏನೂ ಸಿಗುವುದಿಲ್ಲ. ಆನ್ಯೆಸ್ ಪಾತ್ರವನ್ನು ಆಡಿದ್ದು ಆರ್ಮಾಂದ್ ಅಲ್ಲ, ತಂಡದ ಅನುಭವಿ ನಟಿ ಕತ್ರೀನ್ ದ ಬ್ರೀ. ಒರಾಸ್ ಆಗಿದ್ದವನು ತಂಡದ ಲೆಕ್ಕಪುಸ್ತಕವನ್ನು ಬರೆದಿಟ್ಟ ಲಾ ಗ್ರಾಂಜ್.

ಒರಾಸ್ ಆರ್ನಾಲ್ಫ್‌ನ ಬಳಿ ಬಂದು ಮನಸ್ಸು ಬಿಚ್ಚುವ ಸಂದರ್ಭಗಳು ಐದು: ಮೊದಲ, ಮೂರನೆಯ ಮತ್ತು ನಾಲ್ಕನೆಯ ಅಂಕಗಳಲ್ಲಿ ಒಂದೊಂದು, ಕೊನೆಯ ಅಂಕದಲ್ಲಿ ಎರಡು. ನಾಟಕದ ಬಹುಪಾಲು ಘಟನೆಗಳು ನೇಪಥ್ಯದಲ್ಲೇ ನಡೆದುಹೋಗುತ್ತವೆ. ಕಿಟಕಿಯಿಂದ ಎಸೆದ ಕಲ್ಲು, ಬೀರುವಿನೊಳಗೆ ಅವಿತ ಪ್ರೇಮಿ, ಏಣಿಯಿಂದ ಬಿದ್ದು ಸತ್ತವನಂತೆ ಮಲಗಿದ್ದು, ಯಾವುದನ್ನೂ ನಾವು ಕಾಣುವುದಿಲ್ಲ. ಇದನ್ನೇ ಹಿಡಿದು ಆ ಕಾಲದ ವಿಮರ್ಶಕರು ಇದರಲ್ಲಿ ಕ್ರಿಯೆಯೇ ಇಲ್ಲವೆಂದು ದೂರಿದರು. 1663ರ ಜೂನ್ 1ರಂದು ಆಡಿದ ‘ಕ್ರಿತೀಕ್’ ಎಂಬ ಒಂದಂಕದ ನಾಟಕದಲ್ಲಿ ಮೋಲಿಯೇರ್ ತನ್ನ ಪಾತ್ರಗಳ ಬಾಯಿಂದಲೇ ಅದಕ್ಕೆ ಉತ್ತರ ಕೊಡಿಸಿದ: ಇಲ್ಲಿ ಹೇಳುವ ಕಥನಗಳೇ ಕ್ರಿಯೆಗಳು, ಏಕೆಂದರೆ ಅವನ್ನು ಏನೂ ಅರಿಯದೆ ಹೇಳುತ್ತಿರುವುದು ಯಾರಿಗೆ ಹೇಳಬಾರದೋ ಅವನಿಗೇ. ನಿರ್ದೇಶಕರಿಗೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಕಿಲ್ಲ.

ಈ ಐದು ದೃಶ್ಯಗಳ ತಾಲೀಮಿಗೆ ನಾನು ಅನುಸರಿಸುವ ಕ್ರಮ ಹೀಗಿದೆ. ಒರಾಸ್‌ನ ಮಾತುಗಳನ್ನು ಬೇರೊಬ್ಬರು ಪ್ರೇಕ್ಷಕರ ಕಡೆಯಿಂದ, ಯಾವ ಅಭಿನಯವೂ ಇಲ್ಲದೆ, ಮಟ್ಟಸವಾಗಿ ಓದಲಿ. ರಂಗದ ಮೇಲೆ ಆರ್ನಾಲ್ಫ್ ಒಬ್ಬನೇ ನಿಂತಿರಲಿ. ನಾಲ್ಕನೆಯ ಅಂಕದಲ್ಲಿ ಒರಾಸ್ ತಾನು ಬೀರುವಿನೊಳಗೆ ಅವಿತುಕೊಂಡು ಕೇಳಿದ್ದನ್ನು ವರ್ಣಿಸುತ್ತಾನೆ: ಆ ಅಸೂಯೆಯ ಮನುಷ್ಯ ಒಂದು ಮಾತೂ ಆಡದೆ ಕೋಣೆಯ ತುಂಬ ದಾಪುಗಾಲು ಹಾಕಿದ, ಮೇಜುಗಳನ್ನು ಗುದ್ದಿದ, ಪುಟ್ಟ ನಾಯಿಯನ್ನು ಹೊಡೆದ, ಅಲಂಕಾರದ ಹೂದಾನಿಗಳನ್ನು ಒಡೆದ. ತಾನು ಕೆಲವೇ ಹೊತ್ತಿನ ಮುಂಚೆ ಆನ್ಯೆಸ್‌ಳ ಕೋಣೆಯಲ್ಲಿ ಮಾಡಿದ್ದನ್ನೆಲ್ಲ ಆರ್ನಾಲ್ಫ್ ಇನ್ನೊಬ್ಬನ ಬಾಯಲ್ಲಿ, ನಗೆಯ ಕಥೆಯಾಗಿ ಕೇಳುತ್ತಿದ್ದಾನೆ. ಅಷ್ಟೇ ಅಲ್ಲ, ಕಥೆ ಹೇಳುವವನ ಜೊತೆ ತಾನೂ ನಗಬೇಕಾಗಿದೆ. ನಟ ಇಲ್ಲಿ ಮುಖ ಕಿವುಚಿದರೆ ಒರಾಸ್‌ಗೆ ಗೊತ್ತಾಗಿಬಿಡುತ್ತದೆ, ಏನೂ ತೋರಿಸದಿದ್ದರೆ ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಒರಾಸ್‌ಗೆ ಕಾಣುವ ಒಂದು ಪಕ್ಕ, ಪ್ರೇಕ್ಷಕರಿಗೆ ಕಾಣುವ ಇನ್ನೊಂದು ಪಕ್ಕ ಎಂದು ದೇಹವನ್ನೇ ಎರಡಾಗಿ ಹಂಚಿಕೊಂಡು ಅಭ್ಯಾಸ ಮಾಡಿಸಿ. ಒರಾಸ್‌ನ ಕಡೆಯ ಕೈ ಅವನ ಭುಜ ತಟ್ಟುತ್ತಿರಲಿ, ಈ ಕಡೆಯ ಕೈ ಅಂಗಿಯ ಅಂಚನ್ನು ಹಿಂಡುತ್ತಿರಲಿ. ಹತ್ತು ದಿನ ಹೀಗೆ ನಡೆದ ಮೇಲೆ ಒರಾಸ್ ಪಾತ್ರಧಾರಿಯನ್ನು ರಂಗಕ್ಕೆ ಕರೆಯಿರಿ. ಅವನಿಗೆ ಒಂದೇ ನಿಯಮ: ಅವನು ಸಂತೋಷದಿಂದ ಹೇಳಬೇಕು. ಅವನಲ್ಲಿ ಕಿಂಚಿತ್ತೂ ಕುಹಕವಿಲ್ಲ. ತಂದೆಯ ಗೆಳೆಯನ ಮುಂದೆ ಮನಸ್ಸು ಹಗುರ ಮಾಡಿಕೊಳ್ಳುತ್ತಿರುವ ಹುಡುಗ ಅವನು.

ಆನ್ಯೆಸ್ ಪಾತ್ರದ ಕಷ್ಟ ಬೇರೆ ಬಗೆಯದು. ಎರಡನೆಯ ಅಂಕದಲ್ಲಿ, ಹಳ್ಳಿಯಿಂದ ಹಿಂದಿರುಗಿ, ತನ್ನ ಮನೆಗೆ ಯುವಕನೊಬ್ಬ ಬಂದುಹೋಗುತ್ತಿದ್ದನೆಂಬುದನ್ನು ಅರಿತ ಆರ್ನಾಲ್ಫ್ ಮೆಲ್ಲಗೆ ಬಾಯಿ ಬಿಡಿಸಲು ಅವಳನ್ನು ನಡೆದಾಡಿಕೊಂಡು ಬರೋಣವೆಂದು ಕರೆಯುತ್ತಾನೆ, ಏನು ಸಮಾಚಾರ ಎಂದು ಕೇಳುತ್ತಾನೆ. ಅವಳ ಉತ್ತರ: ‘ಬೆಕ್ಕಿನ ಮರಿ ಸತ್ತುಹೋಯಿತು.’ ಫ್ರೆಂಚ್ ರಂಗಭೂಮಿಯಲ್ಲಿ ಇದಕ್ಕಿಂತ ಹೆಸರಾದ ಮಾತುಗಳು ಕೆಲವೇ ಇದ್ದಾವು. ಹಿಂದೊಮ್ಮೆ ಗೆಳೆಯರೊಬ್ಬರ ಮನೆಯ ಹಜಾರದಲ್ಲಿ ನಾವು ಓದುತ್ತಿದ್ದಾಗ, ಆನ್ಯೆಸ್ ಓದುತ್ತಿದ್ದ ಹುಡುಗಿ ಈ ಮಾತಿಗೆ ಮುಂಚೆ ಒಂದು ಕ್ಷಣ ತಡೆದು, ನಗೆ ಬರಲಿದೆ ಎಂಬುದನ್ನು ಬಲ್ಲವಳಂತೆ ನುಡಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು, ಅಲ್ಲಿಂದ ಮುಂದೆ ಆ ದೃಶ್ಯ ಮೇಲೇಳಲಿಲ್ಲ. ಮರುದಿನ ಅವಳ ಕೈಗೆ ಸೂಜಿ ದಾರ ಮತ್ತು ಅಂಚು ಮಡಿಸಬೇಕಾದ ಒಂದು ಬಟ್ಟೆಯನ್ನು ಕೊಟ್ಟೆ. ಆರು ಅಂಗಿ, ಆರು ತಲೆಬಟ್ಟೆ ಹೊಲಿದೆನೆಂದು ಆನ್ಯೆಸ್ ಮುಂದೆ ಹೇಳುತ್ತಾಳಲ್ಲ, ಆ ಹೊಲಿಗೆ ಅದು. ಸೂಜಿಯ ಮೇಲೆ ಕಣ್ಣಿಟ್ಟೇ ಅವಳು ‘ಬೆಕ್ಕಿನ ಮರಿ ಸತ್ತುಹೋಯಿತು’ ಎಂದಾಗ, ಆ ಮನೆಯೊಳಗೆ ಹತ್ತು ದಿನಗಳಲ್ಲಿ ಅವಳಿಗೆ ನಿಜವಾಗಿ ದುಃಖ ತಂದ ಸಂಗತಿ ಅದೊಂದೇ ಎಂಬುದು ನಮಗೆಲ್ಲ ಮೊದಲ ಬಾರಿಗೆ ಕೇಳಿಸಿತು. ಅವಳ ಬದುಕು ಎಷ್ಟು ಕಿರಿದು ಎಂಬುದನ್ನು ಆ ಮೂರು ಪದಗಳು ಅಳೆದು ತೋರಿಸುತ್ತವೆ. ಆ ಸಾಲಿಗೆ ನಗೆ ಬಂದೇ ಬರುತ್ತದೆ, ಬರಲಿ. ಆನ್ಯೆಸ್‌ಗೆ ಮಾತ್ರ ಅದು ಕೇಳಿಸಕೂಡದು.

ಅದೇ ದೃಶ್ಯದಲ್ಲಿ ಅವಳು ಬಾಲ್ಕನಿಯ ಕಥೆಯನ್ನು ಹೇಳುತ್ತಾಳೆ. ಬೀದಿಯಲ್ಲಿ ಹೋಗುತ್ತಿದ್ದ ಯುವಕ ಬಾಗಿ ವಂದಿಸಿದ, ಅವಳೂ ವಂದಿಸಿದಳು. ಅವನು ಮತ್ತೆ ವಂದಿಸಿದ, ಅವಳು ಮತ್ತೆ. ಕತ್ತಲಾಗದಿದ್ದರೆ ಅದು ಇನ್ನೂ ನಡೆಯುತ್ತಲೇ ಇರುತ್ತಿತ್ತು, ಏಕೆಂದರೆ ತನಗೆ ಅವನಷ್ಟು ಸೌಜನ್ಯವಿಲ್ಲವೆಂದು ಅವನು ತಿಳಿಯಬಾರದಲ್ಲ. ಮರುದಿನ ಬಂದ ಮುದುಕಿಯೊಬ್ಬಳು, ನೀನು ಒಬ್ಬನನ್ನು ಗಾಯಗೊಳಿಸಿದ್ದೀಯೆ ಎಂದಾಗ, ಅರಿಯದೆ ಅವನ ಮೇಲೇನಾದರೂ ಬೀಳಿಸಿದೆನೇ ಎಂದು ಆನ್ಯೆಸ್ ಗಾಬರಿಯಾಗುತ್ತಾಳೆ. ಇಡೀ ಕಥನವನ್ನು ತನಿಖೆಗೆ ಕೊಡುವ ಹೇಳಿಕೆಯಂತೆ, ಒಂದು ವಿವರವನ್ನೂ ಬಿಡದೆ, ಹೇಳಿಸಿ. ಪ್ರೇಕ್ಷಕರು ನೋಡಬೇಕಾದದ್ದು ಅವಳಿಗೆ ಬೆನ್ನು ತಿರುಗಿಸಿ ನಿಂತ ಆರ್ನಾಲ್ಫ್‌ನನ್ನು.

ಇದರ ಬೆನ್ನಿಗೇ ಬರುವ ರಿಬ್ಬನ್ನಿನ ಭಾಗ ಅನುವಾದಕರನ್ನು ಕಾಡುತ್ತದೆ. ಅವನು ನಿನ್ನಿಂದ ಬೇರೇನನ್ನೂ ತೆಗೆದುಕೊಳ್ಳಲಿಲ್ಲವೇ ಎಂದು ಆರ್ನಾಲ್ಫ್ ಕೇಳಿದಾಗ, ಆನ್ಯೆಸ್ ‘ತೆಗೆದುಕೊಂಡರು’ ಎಂಬ ಕ್ರಿಯಾಪದವನ್ನು ಮೊದಲು ಹೇಳಿ, ಏನನ್ನು ಎಂಬುದರ ಹೊಸ್ತಿಲಲ್ಲಿ, ‘ಲ...’ ಎಂಬ ಒಂದಕ್ಷರದಲ್ಲಿ, ಮತ್ತೆ ಮತ್ತೆ ನಿಂತುಬಿಡುತ್ತಾಳೆ. ಕೊನೆಗೆ ಹೊರಬರುವುದು ಆರ್ನಾಲ್ಫ್ ತಾನೇ ಅವಳಿಗೆ ಕೊಟ್ಟಿದ್ದ ರಿಬ್ಬನ್. ಪ್ಯಾರಿಸ್ಸಿನ ಮಡಿವಂತರು ರೇಗಿದ್ದು ಈ ಒಂದಕ್ಷರಕ್ಕೆ. ನಮ್ಮ ಬರಹದ ವಾಕ್ಯದಲ್ಲಿ ಕರ್ಮಪದ ಮೊದಲು, ಕ್ರಿಯಾಪದ ಕೊನೆಗೆ. ‘ನನ್ನ ರಿಬ್ಬನ್ನನ್ನು ತೆಗೆದುಕೊಂಡರು’ ಎಂದು ಕಟ್ಟಿದರೆ ಇಡೀ ದೃಶ್ಯ ಅಲ್ಲೇ ಸಾಯುತ್ತದೆ. ಆದರೆ ಆಡುಮಾತಿನಲ್ಲಿ ನಾವು ಹಾಗೆ ಕಟ್ಟಲೇಬೇಕೆಂದಿಲ್ಲ. ‘ತೆಗೆದುಕೊಂಡುಬಿಟ್ಟರು ಅವರು... ನನ್ನ...’ ಎಂದು ಹೆದರಿದ ಮಗು ಮಾತನಾಡುವ ಹಾಗೆ ತಿರುಗಿಸಿದರೆ ಫ್ರೆಂಚಿನ ಆ ನಿಲುಗಡೆ ಸಹಜವಾಗಿಯೇ ಸಿಗುತ್ತದೆ. ಅವಳು ತಡೆಯುವುದು ಬೈಗುಳದ ಭಯಕ್ಕೆ ಮಾತ್ರ. ಬೇರೆ ಅರ್ಥ ಹೊಳೆಯುವುದು ಆರ್ನಾಲ್ಫ್‌ಗೆ, ಮತ್ತು ನೋಡುತ್ತಿರುವ ನಮಗೆ.

ಮೋಸಹೋದ ಗಂಡನ ತಲೆಯಲ್ಲಿ ಕೋಡು ಮೂಡುತ್ತದೆ ಎಂಬುದು ಫ್ರೆಂಚರ ಹಳೆಯ ಕಲ್ಪನೆ, ನಾಟಕದಲ್ಲಿ ಅದರ ಸುಳಿವು ಮೇಲಿಂದ ಮೇಲೆ ಬರುತ್ತದೆ. ಅದನ್ನು ಇದ್ದ ಹಾಗೆ ಕನ್ನಡಕ್ಕೆ ತಂದರೆ ನಮ್ಮವರಿಗೆ ಅವನಿಗೆ ಜಂಬ ಬಂದಿದೆ ಎಂದೇ ಕೇಳಿಸುವುದು. ಮಾತಿನಲ್ಲಿ ಕೋಡನ್ನು ಬಿಟ್ಟು, ಅಭಿನಯದಲ್ಲಿ ಇಟ್ಟುಕೊಳ್ಳಿ. ಮೂರನೆಯ ಅಂಕದಲ್ಲಿ ಆರ್ನಾಲ್ಫ್ ಕುರ್ಚಿಯಲ್ಲಿ ಕುಳಿತು, ಆನ್ಯೆಸ್‌ಳನ್ನು ನಿಲ್ಲಿಸಿ, ತಲೆ ಎತ್ತಿ ಇಲ್ಲಿ ನೋಡು ಎಂದು ತನ್ನ ಹಣೆಯ ಮೇಲೆ ಬೆರಳಿಟ್ಟು ತೋರಿಸುತ್ತಾನೆ. ಆ ಬೆರಳು ಎಲ್ಲ ದೃಶ್ಯಗಳಲ್ಲೂ ಆಗಾಗ ಹಣೆಯತ್ತ ಹೋಗುತ್ತಿದ್ದರೆ ಸಾಕು. ಸೇವಕ ಅಲೆಂ ಅಸೂಯೆ ಎಂದರೇನೆಂದು ಜಾರ್ಜೆತ್‌ಗೆ ವಿವರಿಸುವ ಮಾತು ಮಾತ್ರ ಯಾವ ಬದಲಾವಣೆಯೂ ಇಲ್ಲದೆ ಕನ್ನಡಕ್ಕೆ ಇಳಿಯುತ್ತದೆ: ಹೆಂಡತಿ ಎಂದರೆ ಗಂಡನ ಸಾರಿನ ಬಟ್ಟಲು, ಅದರಲ್ಲಿ ಇನ್ನೊಬ್ಬ ಬೆರಳದ್ದಲು ಬಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಈ ಸೇವಕರಿಬ್ಬರ ದೃಶ್ಯಗಳಿಗೆ ಹೆಚ್ಚು ಸಮಯ ವ್ಯಯಿಸಬೇಡಿ. ಯಜಮಾನ ಬಾಗಿಲು ತಟ್ಟಿದಾಗ ಮೊದಲು ಇಬ್ಬರೂ ತೆರೆಯಲೊಲ್ಲರು, ಆಮೇಲೆ ಇಬ್ಬರೂ ತೆರೆಯಲು ನುಗ್ಗುತ್ತಾರೆ; ಹುರುಪಿನ ಇಬ್ಬರು ನಟರಿದ್ದರೆ ಅದು ತಾನಾಗಿಯೇ ನಿಲ್ಲುತ್ತದೆ.

ಮೂಲ ನಾಟಕ ಹನ್ನೆರಡು ಅಕ್ಷರಗಳ ಪ್ರಾಸಬದ್ಧ ದ್ವಿಪದಿಯಲ್ಲಿದೆ, ಸಾಲುಗಳು ಸಾವಿರದ ಏಳುನೂರಕ್ಕೂ ಹೆಚ್ಚು. ಕನ್ನಡದಲ್ಲಿ ಸರಳ ರಗಳೆಯನ್ನು ಬಳಸುವ ಆಸೆ ಸಹಜ, ಆದರೆ ರಗಳೆಯ ಹರಹು ಇಲ್ಲಿನ ಚುರುಕಾದ ಸವಾಲು ಜವಾಬುಗಳಿಗೆ ಭಾರವಾಗುತ್ತದೆ. ಉಸಿರಿಗೆ ಸರಿಯಾಗಿ ಮುರಿದ ಗದ್ಯವೇ ಲೇಸು. ಎರಡು ಕಡೆ ಮಾತ್ರ ಬೇರೆ ದಾರಿ ಹಿಡಿಯಿರಿ. ಮೂರನೆಯ ಅಂಕದಲ್ಲಿ ಆರ್ನಾಲ್ಫ್ ಆನ್ಯೆಸ್‌ಳಿಂದ ಗಟ್ಟಿಯಾಗಿ ಓದಿಸುವ ‘ಮದುವೆಯ ಸೂತ್ರಗಳು’ ಮೂಲದಲ್ಲೂ ಬೇರೆ ಬೇರೆ ಅಳತೆಯ ಸಾಲುಗಳಲ್ಲಿವೆ. ಹತ್ತನ್ನು ಅವಳು ಓದುತ್ತಾಳೆ, ಹನ್ನೊಂದನೆಯದಕ್ಕೆ ಕೈಯಿಡುವಾಗ ಅವನು ತಡೆಯುತ್ತಾನೆ. ಇವನ್ನು ಸಾಂಗತ್ಯದ ಧಾಟಿಯಲ್ಲಿ ರಚಿಸಿದರೆ ನಮ್ಮ ಕಿವಿಗೆ ಧರ್ಮೋಪದೇಶದ ಗಾಂಭೀರ್ಯ ತಕ್ಷಣ ಒದಗುತ್ತದೆ; ಸಂಚಿಯ ಹೊನ್ನಮ್ಮ ಪತಿವ್ರತೆಯ ಧರ್ಮವನ್ನು ಹೇಳಿದ್ದು ಅದೇ ಛಂದಸ್ಸಿನಲ್ಲಿ, ಮತ್ತು ಅವಳಿಗೆ ಆಶ್ರಯವಿತ್ತ ಚಿಕ್ಕದೇವರಾಜ ಒಡೆಯರ ಆಳ್ವಿಕೆ ಮೈಸೂರಿನಲ್ಲಿ ಆರಂಭವಾದದ್ದು ಮೋಲಿಯೇರ್ ತೀರಿಕೊಂಡ 1673ರಲ್ಲೇ. ಆದರೆ ಹೊನ್ನಮ್ಮನ ಸಾಲುಗಳನ್ನೇ ಎತ್ತಿ ಇಲ್ಲಿ ಹಾಕಬೇಡಿ. ಹೆಣ್ಣನ್ನು ಕೀಳುಗಳೆಯುವವರನ್ನು ನೇರವಾಗಿ ಪ್ರಶ್ನಿಸಿದ ಕವಯಿತ್ರಿ ಅವಳು; ಆರ್ನಾಲ್ಫ್‌ನ ಪುಸ್ತಕಕ್ಕೆ ಅವಳ ದನಿಯನ್ನು ಸಾಲ ಕೊಡುವುದು ಅನ್ಯಾಯವಾದೀತು.

ಏಳನೆಯ ಸೂತ್ರದ ಮೇಲೆ ಒಂದು ಗುರುತು ಹಾಕಿಕೊಳ್ಳಿ. ಹೆಂಡತಿಯ ಬಳಿ ಶಾಯಿ, ಕಾಗದ, ಲೇಖನಿ ಇರಕೂಡದು, ಮನೆಯಲ್ಲಿ ಬರೆಯಬೇಕಾದ್ದನ್ನೆಲ್ಲ ಗಂಡನೇ ಬರೆಯಬೇಕು ಎನ್ನುತ್ತದೆ ಅದು. ಎರಡೇ ದೃಶ್ಯಗಳ ನಂತರ ಒರಾಸ್ ಬಂದು ಆನ್ಯೆಸ್ ಬರೆದ ಪತ್ರವನ್ನು ಆರ್ನಾಲ್ಫ್‌ಗೆ ಓದಿ ಹೇಳುತ್ತಾನೆ. ಪ್ರೇಮಿಗೆ ಕಲ್ಲೆಸೆದು ಓಡಿಸು ಎಂದು ಆರ್ನಾಲ್ಫ್ ಅಪ್ಪಣೆ ಮಾಡಿದ್ದ. ಅವಳು ಎಸೆದಳು, ಕಲ್ಲಿನ ಜೊತೆಗೇ ಪತ್ರವನ್ನೂ ಸೇರಿಸಿ. ಪದ್ಯನಾಟಕದ ನಡುವೆ ಈ ಪತ್ರವೊಂದು ಗದ್ಯದಲ್ಲಿದೆ. ನಿಮ್ಮ ಅನುವಾದ ಈಗಾಗಲೇ ಗದ್ಯದಲ್ಲಿರುವುದರಿಂದ, ಪತ್ರ ಬೇರೆಯಾಗಿ ಕೇಳಿಸಲು ಅದನ್ನು ಇನ್ನಷ್ಟು ಸರಳಗೊಳಿಸಬೇಕು: ಚಿಕ್ಕ ವಾಕ್ಯಗಳು, ಒಂದೂ ಅಲಂಕಾರವಿಲ್ಲ, ಸಂಸ್ಕೃತದ ಪದ ಒಂದೂ ಬೇಡ. ತನ್ನನ್ನು ಯಾವಾಗಲೂ ಏನೂ ತಿಳಿಯದ ಹಾಗೆ ಇಟ್ಟಿದ್ದರೆಂಬುದು ಈಗೀಗ ಗೊತ್ತಾಗುತ್ತಿದೆ, ಆದ್ದರಿಂದ ಸರಿಯಲ್ಲದ್ದನ್ನು ಬರೆದುಬಿಟ್ಟೇನೋ, ಹೇಳಬೇಕಾದ್ದಕ್ಕಿಂತ ಹೆಚ್ಚು ಹೇಳಿಬಿಟ್ಟೇನೋ ಎಂಬ ಭಯವಾಗುತ್ತಿದೆ ಎಂದು ಅವಳು ಬರೆಯುತ್ತಾಳೆ. ಒರಾಸ್ ಇದನ್ನು ನಾಟಕೀಯವಾಗಿ ಓದಬಾರದು. ಮೊದಲ ಸಲ ಓದುವವನಂತೆ, ನಡುವೆ ಒಮ್ಮೆ ದನಿ ತಗ್ಗಿಸಿ ಓದಲಿ. ಆರ್ನಾಲ್ಫ್ ಪತ್ರವನ್ನು ಕೈಗೆ ಪಡೆದು ಅಕ್ಷರಗಳನ್ನು ನೋಡುವ ಹಾಗೆ ಮಾಡಿಸಿದರೆ ಆ ದೃಶ್ಯಕ್ಕೆ ಬೇಕಾದದ್ದೆಲ್ಲ ಸಿಕ್ಕಂತಾಯಿತು.

ಇಂಗ್ಲಿಷ್ ಅನುವಾದದಿಂದ ಕನ್ನಡಕ್ಕೆ ತರುವವರು ಒಂದು ಸಂಪತ್ತನ್ನು ತಿಳಿಯದೆಯೇ ಕಳೆದುಕೊಳ್ಳುತ್ತಾರೆ. ಫ್ರೆಂಚಿನಲ್ಲಿ ನಮ್ಮಂತೆಯೇ ‘ನೀನು’, ‘ನೀವು’ ಬೇರೆ ಬೇರೆ ಇವೆ, ಇಂಗ್ಲಿಷಿನಲ್ಲಿ ಈಗ ಇಲ್ಲ. ಆರ್ನಾಲ್ಫ್ ಆನ್ಯೆಸ್‌ಳನ್ನು ನಾಲ್ಕು ಅಂಕಗಳ ಉದ್ದಕ್ಕೂ ‘ನೀವು’ ಎಂದೇ ಸಂಬೋಧಿಸುತ್ತಾನೆ. ನಮ್ಮ ರೂಢಿಯಲ್ಲಿ ಸಾಕಿದವನು ಸಾಕಿದ ಹುಡುಗಿಗೆ ಹಾಗೆನ್ನುವುದು ಅಸಹಜ. ಆದ್ದರಿಂದ ನಾನೂ ಮೊದಲ ಕರಡಿನಲ್ಲಿ ಎಲ್ಲ ಕಡೆ ‘ನೀನು’ ಎಂದೇ ಬರೆದಿದ್ದೆ. ಐದನೆಯ ಅಂಕಕ್ಕೆ ಬಂದಾಗ ತಪ್ಪು ತಿಳಿಯಿತು. ಅಲ್ಲಿ, ಓಡಿಹೋಗಲು ಹೊರಟ ಆನ್ಯೆಸ್‌ಳನ್ನು ಗದರಿಸುತ್ತ, ಬೈಯುತ್ತ ಇದ್ದ ಆರ್ನಾಲ್ಫ್ ಇದ್ದಕ್ಕಿದ್ದಂತೆ ಸೋತು, ಹೋಗಲಿ, ಎಲ್ಲವನ್ನೂ ಕ್ಷಮಿಸಿದ್ದೇನೆ, ನನ್ನನ್ನು ಪ್ರೀತಿಸು ಎಂದು ‘ನೀನು’ವಿಗೆ ಇಳಿಯುತ್ತಾನೆ. ನಾನು ಅಳುವುದನ್ನು ನೋಡಬೇಕೇ, ನನ್ನನ್ನು ನಾನೇ ಹೊಡೆದುಕೊಳ್ಳಲೇ, ಒಂದು ಪಕ್ಕದ ಕೂದಲು ಕಿತ್ತುಕೊಳ್ಳಲೇ ಎಂದು ಕೇಳುವವರೆಗೂ ಹೋಗುತ್ತಾನೆ. ನಿಮ್ಮ ಮಾತೊಂದೂ ನನ್ನ ಮನಸ್ಸನ್ನು ತಟ್ಟುತ್ತಿಲ್ಲ, ಒರಾಸ್ ಎರಡು ಮಾತಿನಲ್ಲಿ ಇದಕ್ಕಿಂತ ಹೆಚ್ಚು ಮಾಡಿಯಾರು ಎಂದು ಅವಳು ಹೇಳಿದ ಕೂಡಲೇ ಅವನು ಮತ್ತೆ ‘ನೀವು’ವಿಗೆ ಏರಿ, ಕಾನ್ವೆಂಟಿನ ಮೂಲೆಗೆ ಅಟ್ಟುತ್ತೇನೆಂದು ಬೆದರಿಸುತ್ತಾನೆ. ಆ ಏರಿಳಿತ ಕೇಳಿಸಬೇಕಾದರೆ ಮೊದಲಿನಿಂದಲೂ ‘ನೀವು’ ಇರಲೇಬೇಕು. ಶಾಲೆಯ ಕಟ್ಟುನಿಟ್ಟಿನ ಮುಖ್ಯೋಪಾಧ್ಯಾಯರು ಮಕ್ಕಳನ್ನು ಬಹುವಚನದಲ್ಲಿ ಕರೆದು ದೂರವಿಡುವ ದನಿಯಲ್ಲಿ ಅದನ್ನು ನುಡಿಸಿದರೆ ಪ್ರೇಕ್ಷಕರು ಒಂದು ದೃಶ್ಯದೊಳಗೆ ಒಗ್ಗಿಕೊಳ್ಳುತ್ತಾರೆ.

ಆ ದೃಶ್ಯದಲ್ಲಿ ಆನ್ಯೆಸ್ ಎಲ್ಲಿಯೂ ದನಿ ಎತ್ತಬಾರದು. ಮದುವೆಯಾದರೆ ಪಾಪ ಕಳೆಯುತ್ತದೆಂದು ನೀವೇ ಹೇಳಿಕೊಟ್ಟಿರಿ, ಅವರು ನನ್ನನ್ನು ಮದುವೆಯಾಗುತ್ತೇನೆಂದರು, ನಾನು ನಿಮ್ಮ ಪಾಠವನ್ನೇ ಪಾಲಿಸಿದೆ ಎನ್ನುತ್ತಾಳೆ. ಆ ಆಸೆಯನ್ನು ಓಡಿಸಬೇಕಿತ್ತು ಎಂದರೆ, ಸುಖ ಕೊಡುವುದನ್ನು ಓಡಿಸುವುದು ಹೇಗೆ ಎಂದು ನಿಜವಾಗಿಯೂ ಉತ್ತರ ಬೇಕಾದವಳಂತೆ ಕೇಳುತ್ತಾಳೆ. ನನ್ನನ್ನೇಕೆ ಪ್ರೀತಿಸಲಿಲ್ಲ ಎಂದರೆ, ಅವರಂತೆ ನೀವೂ ಪ್ರೀತಿ ಹುಟ್ಟುವ ಹಾಗೆ ಏಕೆ ನಡೆದುಕೊಳ್ಳಲಿಲ್ಲ, ನಾನು ತಡೆದದ್ದಿಲ್ಲವಲ್ಲ ಎನ್ನುತ್ತಾಳೆ. ಇವು ಚುಚ್ಚುಮಾತುಗಳಾಗಿ ಬಂದರೆ ಪಾತ್ರ ಕೆಡುತ್ತದೆ. ಒಂದೇ ಒಂದು ಕಡೆ ಅವಳ ದನಿ ಬದಲಾಗಲಿ: ತಾನು ದಡ್ಡಿಯೆಂಬುದು ತನಗೆ ತಿಳಿದಿದೆ, ಅದಕ್ಕಾಗಿ ತನಗೇ ನಾಚಿಕೆಯಾಗುತ್ತಿದೆ, ಈ ವಯಸ್ಸಿನಲ್ಲಿ ಇನ್ನು ಹಾಗೆನ್ನಿಸಿಕೊಳ್ಳಲಾರೆ ಎಂದು ಅವಳು ಹೇಳುವಲ್ಲಿ. ಆರ್ನಾಲ್ಫ್ ಗುದ್ದಿಬಿಡಬೇಕೆನಿಸುತ್ತದೆ ಎಂದಾಗ, ನಿಮಗೆ ಬೇಕೆನಿಸಿದರೆ ಹೊಡೆಯಬಹುದು ಎಂದು ಅವಳು ಒಪ್ಪುತ್ತಾಳೆ. ಎತ್ತಿದ ಕೈ ಅಲ್ಲೇ ನಿಂತು, ನಿಧಾನವಾಗಿ ಕೆಳಗಿಳಿಯಲು ಬೇಕಾದಷ್ಟು ಸಮಯ ಕೊಡಿ.

ಕತ್ತರಿ ಹಾಕಬೇಕಾದರೆ ನಾಲ್ಕನೆಯ ಅಂಕದಲ್ಲಿ ಹಾಕಿ. ಆರ್ನಾಲ್ಫ್ ತನ್ನಷ್ಟಕ್ಕೆ ಗೊಣಗುವ ಒಂದೊಂದು ಮಾತನ್ನೂ ತನಗೇ ಹೇಳಿದ್ದೆಂದು ತಿಳಿದು ನೋಟರಿ ಉತ್ತರಿಸುವ ದೃಶ್ಯವನ್ನು ಅರ್ಧಕ್ಕಿಳಿಸಬಹುದು. ಗೆಳೆಯ ಕ್ರಿಸಾಲ್ದ್‌ನ ದೀರ್ಘ ಭಾಷಣವನ್ನೂ ಮೊಟಕು ಮಾಡಬಹುದು. ಆಟ ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಯುವಂತಿರಲಿ.

ರಂಗಸಜ್ಜಿಕೆಗೆ ಮೂಲದಲ್ಲಿರುವುದು ಊರಿನ ಒಂದು ಚೌಕ, ಅದಕ್ಕೆ ಮುಖಮಾಡಿದ ಮನೆ. 1936ರಲ್ಲಿ ಲೂಯಿ ಜೂವೆ ಪ್ಯಾರಿಸ್ಸಿನ ಅತೆನೆ ರಂಗಮಂದಿರದಲ್ಲಿ ಇದನ್ನು ಆಡಿಸಿ ತಾನೇ ಆರ್ನಾಲ್ಫ್ ಆದಾಗ, ಕ್ರಿಸ್ತಿಯಾಂ ಬೆರಾರ್ ಮಾಡಿದ ಸಜ್ಜಿಕೆಯಲ್ಲಿ ತೋಟದ ಗೋಡೆಗಳು ತೆರೆದುಕೊಂಡು ಆನ್ಯೆಸ್‌ಳ ಒಳಾವರಣವನ್ನು ತೋರಿಸುತ್ತಿದ್ದವು. ಅಂಥದ್ದಕ್ಕೆ ಹಣವಿಲ್ಲದಿದ್ದರೆ ಕೊರಗಬೇಕಿಲ್ಲ. ಗಟ್ಟಿಯಾದ ಒಂದು ಬಾಗಿಲು, ಅದರ ಮೇಲೊಂದು ಕಿಟಕಿ ಇದ್ದರಾಯಿತು. ಹಣವನ್ನು ಬಾಗಿಲಿಗೆ ಹಾಕಿ, ಏಕೆಂದರೆ ಅದು ತಟ್ಟಿದರೆ ಮರದ ಸದ್ದು ಬರಬೇಕು, ಮುಚ್ಚಿದರೆ ಮುಚ್ಚಿತೆಂದು ತಿಳಿಯಬೇಕು.

ಕೊನೆಯ ದೃಶ್ಯವನ್ನು ವೇಗವಾಗಿ ನಡೆಸಿ. ಅಮೆರಿಕದಲ್ಲಿ ಹದಿನಾಲ್ಕು ವರ್ಷ ಕಳೆದು ಹಿಂದಿರುಗಿದ ಆಂರಿಕ್ ಆನ್ಯೆಸ್‌ಳ ತಂದೆಯೆಂದೂ, ಅವಳ ತಾಯಿ ಕ್ರಿಸಾಲ್ದ್‌ನ ತಂಗಿಯೆಂದೂ, ಒರಾಸ್‌ನ ತಂದೆ ಮಗನಿಗೆ ತರಲಿರುವ ಹೆಣ್ಣು ಇವಳೇ ಎಂದೂ ಕೆಲವೇ ಸಾಲುಗಳಲ್ಲಿ ಹೊರಬೀಳುತ್ತದೆ. ಇದನ್ನು ನಂಬಿಸಲು ಹೆಣಗಬೇಡಿ. ಹೇಳಬೇಕಾದ್ದನ್ನು ಸ್ಪಷ್ಟವಾಗಿ ಹೇಳಿಸಿ ಮುಂದೆ ಸಾಗಿ. ಇಡೀ ನಾಟಕದಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡಿದ ಆರ್ನಾಲ್ಫ್ ಇಲ್ಲಿ ಮಾತು ಹೊರಡದೆ ‘ಓ!’ ಎಂಬ ಒಂದು ಉದ್ಗಾರದೊಂದಿಗೆ ಹೊರನಡೆಯುತ್ತಾನೆ. ಅದಕ್ಕೆ ಸ್ವಲ್ಪ ಮುಂಚೆ, ಬಾ ಎಂದು ಅವನು ಎಳೆದಾಗ, ಆನ್ಯೆಸ್ ‘ನಾನು ಇಲ್ಲೇ ಇರುತ್ತೇನೆ’ ಎಂದಿರುತ್ತಾಳೆ. ಅದೇ ಅವಳ ಕೊನೆಯ ಮಾತು. ಅನಂತರ ತಂದೆ ಮಗಳೇ ಎಂದು ಕರೆದರೂ ಮೋಲಿಯೇರ್ ಅವಳಿಗೆ ಒಂದು ಸಾಲನ್ನೂ ಬರೆದಿಲ್ಲ. ಹಾಗಾಗಿ ಅವಳು ಎಲ್ಲಿ ನಿಂತಿರಬೇಕು, ಯಾರನ್ನು ನೋಡುತ್ತಿರಬೇಕು ಎಂಬುದನ್ನು ಮೊದಲ ವಾರದಲ್ಲೇ ನಿರ್ಧರಿಸಿ. ಈಗ ಕೇಳಿಸಿಕೊಳ್ಳುತ್ತಿರುವವಳು ಅವಳು. ಉಳಿದದ್ದನ್ನು ಒಳಗೆ ಹೋಗಿ ಮಾತನಾಡೋಣ ಎಂದು ಕ್ರಿಸಾಲ್ದ್ ಎಲ್ಲರನ್ನೂ ಕರೆಯುವುದು ಅವಳನ್ನು ಕೂಡಿಹಾಕಿದ್ದ ಅದೇ ಮನೆಯೊಳಕ್ಕೆ. ನಮ್ಮ ಪ್ರಯೋಗದಲ್ಲಿ ಎಲ್ಲರೂ ಒಳಗೆ ಹೋದ ಮೇಲೆ ಆನ್ಯೆಸ್ ಕೊನೆಯವಳಾಗಿ ಹೊಸ್ತಿಲು ದಾಟಿದಳು, ಬಾಗಿಲನ್ನು ಮುಚ್ಚದೆ ಹಾಗೆಯೇ ತೆರೆದಿಟ್ಟಳು, ಮತ್ತು ದೀಪಗಳು ಆರುವವರೆಗೂ ಅದು ತೆರೆದೇ ಇತ್ತು.